ಗೃಹಿಣಿಯ ಆರೋಗ್ಯ: ಹರೆಯದ ಮಕ್ಕಳಿಗೆ ಯಾವ ರಕ್ಷಣೆ ಎಷ್ಟು?



ಈ ಸಲ ಕೋಲಾರ ಸೀಮೆಯಿಂದ ಬಂದ ನಾಲ್ಕು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಇಬ್ಬರು ತಾಯಂದಿರು, ಒಬ್ಬರು ಅತ್ತೆ, ಇನ್ನೊಬ್ಬಳು ಹತ್ತೊಂಬತ್ತರ ಹುಡುಗಿ. ನಾಲ್ಕೂ ಪತ್ರಗಳ ಹಿಂದೆ ಇರುವ ಪ್ರಶ್ನೆ ಒಂದೇ. ಹದಿನೇಳು, ಹದಿನೆಂಟು, ಹತ್ತೊಂಬತ್ತರ ನಮ್ಮ ಮಕ್ಕಳನ್ನು ಬೇಡದ ಬಸಿರಿನಿಂದ ಕಾಯುವುದು ಹೇಗೆ, ರೋಗದಿಂದ ಕಾಯುವುದು ಹೇಗೆ? ಇವೆರಡೂ ಒಂದೇ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಒಂದೇ ಅಲ್ಲ. ಆ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ತೊಂದರೆಗೆ ಸಿಕ್ಕುತ್ತಾರೆ. ನಾಚಿಕೆಯನ್ನು ಒಂದು ಗಳಿಗೆ ಬದಿಗಿಟ್ಟು ಓದಿ. ಬೆಳೆದ ಮಗಳಿದ್ದರೆ ಅವಳ ಕೈಗೂ ಕೊಡಿ. ಹೆಸರುಗಳನ್ನು ಎಂದಿನಂತೆ ಬಿಟ್ಟಿದ್ದೇನೆ.

ಒಂದು: ಶ್ರೀನಿವಾಸಪುರದ ತಾಯಿ

"ಮಗಳಿಗೆ ಹದಿನೆಂಟು ತುಂಬಿ ಎರಡು ತಿಂಗಳಿಗೆ ಒಳ್ಳೆ ಸಂಬಂಧ ಬಂತೂಂತ ಮದುವೆ ಮಾಡಿಬಿಟ್ವಿ. ಪಿಯುಸಿ ಪಾಸಾಗಿದಾಳೆ, ನರ್ಸಿಂಗ್ ಓದ್ತೀನಿ ಅಂತಾಳೆ. ಅಳಿಯಂದಿರೂ ಒಪ್ಪಿದಾರೆ. ಆದರೆ ಬೀಗಿತಿ, ಮೊದಲ್ನೇದು ಆಗಿಬಿಡ್ಲಿ, ಮೊದಲೇ ಮಾತ್ರೆ ನುಂಗಿದ್ರೆ ಗರ್ಭಕೋಶ ಒಣಗಿಹೋಗುತ್ತೆ ಅಂತಾರೆ. ನಿಜವೇ? ಯಾವುದು ಗ್ಯಾರಂಟಿ?"

ಅಮ್ಮಾ, ಗರ್ಭಕೋಶ ಒಣಗುವುದಿಲ್ಲ. ಮಾತ್ರೆ ನಿಲ್ಲಿಸಿದ ಒಂದೆರಡು ತಿಂಗಳಲ್ಲೇ ಬಸಿರು ನಿಲ್ಲಬಹುದು. ವಂಕಿ, ಅಂದರೆ ಕಾಪರ್-ಟಿ ತೆಗೆಸಿದರೂ ಹಾಗೆಯೇ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ 'ಅಂತರಾ' ಚುಚ್ಚುಮದ್ದು ಬಿಟ್ಟ ಮೇಲೆ ಮಾತ್ರ ಬಸಿರು ನಿಲ್ಲುವುದು ಕೆಲವು ತಿಂಗಳು ತಡವಾಗುತ್ತದೆ; ತಡ ಅಷ್ಟೆ, ನಷ್ಟವಲ್ಲ. ಒಂದು ವರ್ಷದೊಳಗೆ ಮಗು ಬೇಕು ಅನ್ನುವವರು ಅದನ್ನು ಆರಿಸಿಕೊಳ್ಳದಿದ್ದರೆ ಸರಿ.

ಇಪ್ಪತ್ತು ತುಂಬುವ ಮೊದಲೇ ಆಗುವ ಬಸಿರಿನಲ್ಲಿ ರಕ್ತಹೀನತೆ, ರಕ್ತದೊತ್ತಡ, ದಿನ ತುಂಬದ ಹೆರಿಗೆ, ತೂಕ ಕಡಿಮೆ ಇರುವ ಮಗು, ಇವುಗಳ ಭಯ ಜಾಸ್ತಿ. ಬೀಗಿತಿಗೆ ಮೊದಲು ಇದನ್ನು ಹೇಳಿ. ಮೊಮ್ಮಗು ಬೇಡ ಅಂತ ಯಾರೂ ಹೇಳುತ್ತಿಲ್ಲ. ತಾಯಿ ಗಟ್ಟಿಯಾಗಿದ್ದರೆ ಮಗು ಗಟ್ಟಿ ಎನ್ನುತ್ತಿದ್ದೇವೆ.

"ಇದೆಲ್ಲ ಈಗಿನ ಕಾಲದ ಫ್ಯಾಷನ್ನು" ಅಂತ ಅವರು ಅಂದರೆ, ಇದನ್ನೂ ಹೇಳಿ. ನಮ್ಮ ಹಳೇ ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳಿಗೆ ಆದೇಶ ಕೊಟ್ಟಿತು. ಸರ್ಕಾರವೇ ತೆರೆದ ಇಂಥ ಕೇಂದ್ರಗಳಲ್ಲಿ ಅವು ಜಗತ್ತಿನಲ್ಲೇ ಮೊದಲಿನವು ಎನ್ನುತ್ತಾರೆ. ಕೋಲಾರ ಆಗ ಆ ಸಂಸ್ಥಾನದ್ದೇ ಜಿಲ್ಲೆ. 'ನಿರೋಧ್' ಬಂದದ್ದು 1968ರಲ್ಲಿ, ಒಂದಕ್ಕೆ ಐದು ಪೈಸೆಯಂತೆ. ನಮ್ಮ ಅಜ್ಜಿಯರ ಕಾಲದಿಂದ ನಡೆದುಬಂದ ಮಾತು ಇದು.

ಇನ್ನು ಗ್ಯಾರಂಟಿಯ ವಿಷಯ. ಮೈಸೂರುಪಾಕಿನ ಪಾಕ ಪುಸ್ತಕದಲ್ಲಿ ಸರಿಯಾಗಿಯೇ ಇರುತ್ತದೆ. ನಮ್ಮ ಒಲೆಯ ಮೇಲೆ ಒಂದು ದಿನ ಕಲ್ಲು, ಒಂದು ದಿನ ಪುಡಿ. ಸಂತಾನ ನಿಯಂತ್ರಣವೂ ಹಾಗೆಯೇ. ಒಂದೂ ತಪ್ಪದೆ ಬಳಸಿದಾಗ ಸಿಗುವ ಫಲ ಬೇರೆ. ಮರೆವು, ಅವಸರ, ಊರಿಗೆ ಹೋಗಿಬರುವುದು ಇವೆಲ್ಲ ಇರುವ ಮನೆಯಲ್ಲಿ ಸಿಗುವ ಫಲ ಬೇರೆ. ಆದ್ದರಿಂದ ಎರಡನೆಯ ಲೆಕ್ಕವನ್ನೇ ನೋಡಬೇಕು. ನೂರು ಹೆಂಗಸರು ಒಂದು ವರ್ಷ ಒಂದು ವಿಧಾನ ಬಳಸಿದರೆ ಎಷ್ಟು ಮಂದಿ ಬಸಿರಾಗುತ್ತಾರೆ ಎನ್ನುವ ಲೆಕ್ಕ ಇದು:

ಏನೂ ಬಳಸದಿದ್ದರೆ: 85
ಗಂಡಸು ಕೊನೆಗಳಿಗೆಯಲ್ಲಿ ಹಿಂದೆ ಸರಿಯುವುದು: 20
ದಿನ ಎಣಿಸಿ ದೂರವಿರುವುದು: ಸುಮಾರು 15
ನಿರೋಧ್: 13 (ತಪ್ಪದೆ, ಸರಿಯಾಗಿ ಬಳಸಿದರೆ 2)
ದಿನಕ್ಕೊಂದು ನುಂಗುವ ಮಾತ್ರೆ: 7 (ಒಂದು ದಿನವೂ ತಪ್ಪದಿದ್ದರೆ ಒಂದಕ್ಕಿಂತ ಕಡಿಮೆ)
ಮೂರು ತಿಂಗಳ ಚುಚ್ಚುಮದ್ದು: 4
ಕಾಪರ್-ಟಿ: ಒಂದಕ್ಕಿಂತ ಕಡಿಮೆ

ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ. ಹರೆಯದವರಲ್ಲಿ ತಪ್ಪುವುದು ಇನ್ನೂ ಹೆಚ್ಚು. ಮಾತ್ರೆ ಮರೆಯುತ್ತಾರೆ, ಅತ್ತೆಗೆ ಕಾಣದಂತೆ ಬಚ್ಚಿಡಲು ಹೋಗಿ ಎರಡು ದಿನ ತಪ್ಪಿಸುತ್ತಾರೆ, ತವರಿಗೆ ಬರುವಾಗ ಪಟ್ಟಿಯನ್ನೇ ಬಿಟ್ಟು ಬರುತ್ತಾರೆ. ದಿನ ಎಣಿಸುವ ವಿಧಾನವಂತೂ ಈ ವಯಸ್ಸಿಗೆ ಸಲ್ಲದು. ಮುಟ್ಟೇ ಇನ್ನೂ ಸರಿಯಾಗಿ ಕ್ರಮಕ್ಕೆ ಬಂದಿರುವುದಿಲ್ಲ.

ನಿಮ್ಮ ಮಗಳಿಗೆ ಮೂರು ದಾರಿ ಇವೆ. 'ಮಾಲಾ-ಎನ್' ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಪಟ್ಟಿಯಲ್ಲಿ 28 ಮಾತ್ರೆ, ಅದರಲ್ಲಿ ಕೊನೆಯ ಏಳು ಕಬ್ಬಿಣದವು. ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟುಕೊಂಡರೆ ಮರೆಯುವುದಿಲ್ಲ. ಒಂದು ಮರೆತರೆ ನೆನಪಾದ ಕೂಡಲೇ ನುಂಗಬೇಕು; ಎರಡೋ ಹೆಚ್ಚೋ ಮರೆತರೆ ಮುಂದಿನ ಏಳು ದಿನ ನಿರೋಧ್ ಕೂಡ ಬೇಕು. ರಕ್ತದೊತ್ತಡ ಇದ್ದವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಅರೆತಲೆನೋವು ಬರುವವರು, ಕ್ಷಯಕ್ಕೆ ಔಷಧಿ ತಿನ್ನುತ್ತಿರುವವರು ವೈದ್ಯರಿಗೆ ಮೊದಲೇ ಹೇಳಬೇಕು. ಎರಡನೆಯದು 'ಛಾಯಾ'. ಲಕ್ನೋದ ನಮ್ಮ ಸರ್ಕಾರಿ ಔಷಧ ಸಂಶೋಧನಾಲಯದಲ್ಲೇ ಹುಟ್ಟಿದ ಮಾತ್ರೆ, ಹಾರ್ಮೋನು ಇಲ್ಲದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮೊದಮೊದಲು ಮುಟ್ಟು ತಡವಾಗಬಹುದು, ಗಾಬರಿ ಬೇಡ. ಮೂರನೆಯದು ಕಾಪರ್-ಟಿ. ಐದು ವರ್ಷದ್ದೂ ಇದೆ, ಹತ್ತು ವರ್ಷದ್ದೂ ಇದೆ, ಬೇಕೆಂದಾಗ ತೆಗೆಸಬಹುದು. ಮಗುವಾಗದವರಿಗೆ ಹಾಕುವುದೇ ಇಲ್ಲ ಎಂಬ ಮಾತು ಸರಿಯಲ್ಲ. ವೈದ್ಯರು ಪರೀಕ್ಷಿಸಿ, ಒಳಗೆ ಸೋಂಕಿಲ್ಲ ಎಂದು ನೋಡಿಕೊಂಡು ಹಾಕುತ್ತಾರೆ.

ಮುಖ್ಯವಾದದ್ದು, ಅಳಿಯಂದಿರನ್ನೂ ಆಸ್ಪತ್ರೆಗೆ ಜೊತೆಯಲ್ಲಿ ಕಳಿಸಿ. ಒಪ್ಪಿಗೆ ಅವರದ್ದೂ ಇದೆಯಲ್ಲ. ಬೀಗಿತಿಯ ಮುಂದೆ ನಿಮ್ಮ ಮಗಳು ಒಬ್ಬಳೇ ನಿಂತು ಉತ್ತರ ಹೇಳುವ ಹಾಗಾಗಬಾರದು.

ಎರಡು: ಮಾಲೂರಿನ ಹುಡುಗಿ

"ಅಕ್ಕಾ, ನನಗೆ 19. ಇಲ್ಲಿ ಕಾರ್ಖಾನೆಲಿ ಕೆಲಸ, ಪಿ.ಜಿ.ಲಿ ಇದೀನಿ. ಒಬ್ಬರನ್ನ ಇಷ್ಟಪಟ್ಟಿದೀನಿ, ಮುಂದಿನ ವರ್ಷ ಮದುವೆ ಅಂತ ಮಾತಾಡ್ಕೊಂಡಿದೀವಿ. ಮೆಡಿಕಲ್ ಸ್ಟೋರಲ್ಲಿ ಸಿಗೋ 72 ಗಂಟೆ ಮಾತ್ರೆ ನಾಲ್ಕೈದು ಸಲ ತಗೊಂಡಿದೀನಿ. ಈ ತಿಂಗಳು ಮುಟ್ಟು ಹತ್ತು ದಿನ ಹಿಂದೆ ಹೋಗಿದೆ. ಅಮ್ಮಂಗೆ ಗೊತ್ತಾದ್ರೆ ಬದುಕಲ್ಲ. ಬೈಬೇಡಿ."

ತಂಗೀ, ಬೈಯುವುದಿಲ್ಲ. ಇದನ್ನು ಓದಿದ ದಿನವೇ ಮಾಡಬೇಕಾದ ಕೆಲಸ ಒಂದು. ಮೂತ್ರ ಪರೀಕ್ಷೆಯ ಕಾರ್ಡು ತಂದು ಬೆಳಗಿನ ಮೊದಲ ಮೂತ್ರದಲ್ಲಿ ನೋಡು. ಆಶಾ ಕಾರ್ಯಕರ್ತೆಯರ ಹತ್ತಿರ 'ನಿಶ್ಚಯ್' ಕಾರ್ಡು ಸಿಗುತ್ತದೆ, ಔಷಧಿ ಅಂಗಡಿಯಲ್ಲೂ ಇರುತ್ತದೆ. ಆ ಮಾತ್ರೆಯಿಂದಲೇ ಮುಟ್ಟು ಹಿಂದೆಮುಂದೆ ಆಗುವುದುಂಟು. ಆದರೆ ಊಹೆಯಲ್ಲಿ ಕೂರಬೇಡ. ಗೆರೆ ಬರದಿದ್ದರೂ ಮುಟ್ಟಾಗದೇ ಹೋದರೆ ವಾರ ಬಿಟ್ಟು ಮತ್ತೆ ನೋಡು.

ಗೆರೆ ಎರಡು ಬಂದರೆ ಅಂಗಡಿಯಿಂದ ಗರ್ಭ ಇಳಿಸುವ ಮಾತ್ರೆ ತಂದು ಪಿ.ಜಿ.ಯ ಕೋಣೆಯಲ್ಲಿ ನುಂಗಬೇಡ. ರಕ್ತಸ್ರಾವ ನಿಲ್ಲದೆ, ಯಾರಿಗೂ ಹೇಳಲಾರದೆ ಪ್ರಾಣಕ್ಕೇ ಕುತ್ತು ಬರಬಹುದು. ಗರ್ಭ ಕೊಳವೆಯಲ್ಲಿ ನಿಂತಿದ್ದರಂತೂ ಆ ಮಾತ್ರೆ ಕೆಲಸವನ್ನೇ ಮಾಡುವುದಿಲ್ಲ, ಅಪಾಯ ಒಳಗೇ ಬೆಳೆಯುತ್ತದೆ. ಸರ್ಕಾರಿ ಆಸ್ಪತ್ರೆಗೆ ಹೋಗು. ನಮ್ಮ ದೇಶದಲ್ಲಿ ಗರ್ಭಪಾತದ ಕಾನೂನು 1971ರಿಂದ ಇದೆ. 2021ರ ತಿದ್ದುಪಡಿಯಲ್ಲಿ 'ಗಂಡ' ಎಂದಿದ್ದಲ್ಲಿ 'ಸಂಗಾತಿ' ಎಂದಾಯಿತು. 2022ರಲ್ಲಿ ಸುಪ್ರೀಂ ಕೋರ್ಟು ಮದುವೆಯಾದವಳಿಗೂ ಆಗದವಳಿಗೂ ಈ ಕಾನೂನಿನಲ್ಲಿ ಭೇದವಿಲ್ಲ ಎಂದು ಹೇಳಿತು. ನಿನಗೆ ಹದಿನೆಂಟು ದಾಟಿದೆ. ನಿನ್ನ ಸಹಿ ಸಾಕು, ಅಪ್ಪ ಅಮ್ಮನ ಸಹಿ ಬೇಡ. ಹೆಸರು ಹೊರಗೆ ಹೇಳುವ ಹಕ್ಕು ಆಸ್ಪತ್ರೆಯವರಿಗಿಲ್ಲ. ಬೇಗ ಹೋದಷ್ಟೂ ಸುಲಭ.

ಇನ್ನು ಆ 72 ಗಂಟೆ ಮಾತ್ರೆ. ಅದು ಅಂಡ ಬಿಡುಗಡೆಯಾಗುವುದನ್ನು ಮುಂದಕ್ಕೆ ತಳ್ಳುತ್ತದೆ. ಎಷ್ಟು ಬೇಗ ನುಂಗಿದರೆ ಅಷ್ಟು ಕೆಲಸ. 72 ಗಂಟೆ ಎನ್ನುವುದು ಕೊನೆಯ ಗಡಿ, ಅಲ್ಲಿಯವರೆಗೆ ಕಾಯಬಹುದು ಎಂದಲ್ಲ. ಅಂಡ ಆಗಲೇ ಬಿಡುಗಡೆಯಾಗಿದ್ದರೆ ಅದರಿಂದ ಪ್ರಯೋಜನವಿಲ್ಲ. ನುಂಗಿದ ಮೇಲೆ ಮತ್ತೆ ಸೇರಿದರೆ ಅದಕ್ಕೂ ರಕ್ಷಣೆಯಿಲ್ಲ. ಅದರಿಂದ ಬಂಜೆತನ ಬರುತ್ತದೆ ಎಂಬುದು ಸುಳ್ಳು. ಆದರೆ ಮನೆಗೆ ಬೆಂಕಿ ಬಿದ್ದಾಗ ಎರಚುವ ನೀರು ಅದು, ದಿನಾ ಸಾರಿಸುವ ನೀರಲ್ಲ. ಪದೇಪದೇ ಬೇಕಾಗುತ್ತಿದೆ ಎಂದರೆ ನಿನಗೆ ಬೇಕಾದದ್ದು ಕಾಯಂ ವಿಧಾನ. ಮಾತ್ರೆಯೋ, ಛಾಯಾನೋ, ಕಾಪರ್-ಟಿಯೋ ವೈದ್ಯರ ಹತ್ತಿರ ಕೂತು ಆರಿಸಿಕೋ. ಅದರ ಜೊತೆಗೆ ನಿರೋಧ್ ಕೂಡ ಇರಲಿ. ಊರಿಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿ ಒಳಗಿನ ಬೀರುವಿಗೂ ಹಾಕುತ್ತೇವಲ್ಲ, ಹಾಗೆ. ಒಂದು ಬಸಿರನ್ನು ತಡೆಯುತ್ತದೆ, ಇನ್ನೊಂದು ರೋಗವನ್ನೂ ತಡೆಯುತ್ತದೆ.

ಇನ್ನೊಂದು ಮಾತು ಕೇಳಬೇಕು. ನಿರೋಧ್ ಬಳಸಲು ಒಪ್ಪದೆ ಪ್ರತಿ ಸಲ ನಿನಗೆ ಮಾತ್ರೆ ತಂದುಕೊಡುವವನು ಮುಂದಿನ ವರ್ಷ ಹೇಗಿರುತ್ತಾನೆ ಎಂದು ಯೋಚಿಸಿದ್ದೀಯಾ? ಇದನ್ನು ಅವನ ಮುಂದೆಯೇ ಕೇಳು. ಅವನ ಉತ್ತರದಲ್ಲಿ ನಿನಗೆ ಬೇಕಾದ್ದು ತಿಳಿಯುತ್ತದೆ. ಮತ್ತೆ, 'ಬದುಕಲ್ಲ' ಎಂದು ಬರೆದಿದ್ದೀಯಲ್ಲ, ಆ ಮಾತು ಬೇಡ. ಆಸ್ಪತ್ರೆಗೆ ಒಬ್ಬಳೇ ಹೋಗಬೇಡ. ನಂಬಿಕೆಯ ಗೆಳತಿಯನ್ನೋ ಚಿಕ್ಕಮ್ಮನನ್ನೋ ಕರೆದುಕೊಂಡು ಹೋಗು. ಕಷ್ಟವನ್ನು ಒಬ್ಬರ ಹತ್ತಿರವಾದರೂ ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಮೂರು: ಮುಳಬಾಗಿಲಿನ ತಾಯಿ

"ಮಗನಿಗೆ ಹದಿನೇಳು. ಬಟ್ಟೆ ನೆನೆ ಹಾಕೋವಾಗ ಪ್ಯಾಂಟಿನ ಜೇಬಲ್ಲಿ ನಿರೋಧ್ ಸಿಕ್ತು. ಕೈಕಾಲು ತಣ್ಣಗಾಯ್ತು. ಯಜಮಾನರಿಗೆ ಹೇಳಿದ್ರೆ ಬೆಲ್ಟು ತಗೋತಾರೆ. ಹೇಳದೆ ಇರೋಕೂ ಆಗ್ತಿಲ್ಲ."

ಅಮ್ಮಾ, ಬೆಲ್ಟಿನಿಂದ ಒಂದೇ ಕೆಲಸ ಆಗುತ್ತದೆ. ಮುಂದಿನ ಸಲ ನಿಮ್ಮ ಕೈಗೆ ಏನೂ ಸಿಗದ ಹಾಗೆ ಹುಡುಗ ನೋಡಿಕೊಳ್ಳುತ್ತಾನೆ. ಜೇಬಿನಲ್ಲಿ ಸಿಕ್ಕಿದ ಮಾತ್ರಕ್ಕೆ ಬಳಸಿದ ಎಂದೂ ಅಲ್ಲ. ಆ ವಯಸ್ಸಿನಲ್ಲಿ ಸ್ನೇಹಿತರ ಮುಂದೆ ತೋರಿಸಿಕೊಳ್ಳಲು ಇಟ್ಟುಕೊಂಡವರೂ ಇರುತ್ತಾರೆ. ಹಾಗೆಂದು ಸುಮ್ಮನಿರಬೇಡಿ. ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ, ಊಟ ಬಡಿಸುತ್ತಲೋ, ಬಟ್ಟೆ ಮಡಿಸುತ್ತಲೋ, ಮುಖ ನೋಡದೆಯೇ ಮಾತು ತೆಗೆಯಿರಿ. "ಸಿಕ್ತಪ್ಪಾ. ಬೈಯಲ್ಲ. ಆದರೆ ಮೂರು ಮಾತು ಕೇಳಿಸ್ಕೋ" ಅನ್ನಿ. ನಿಮ್ಮಿಂದ ಆಗದಿದ್ದರೆ ಸೋದರಮಾವನೋ ದೊಡ್ಡ ಅಣ್ಣನೋ ಹೇಳಲಿ.

ಮೊದಲನೆಯದು ಕಾನೂನು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ಇಬ್ಬರೂ ಇಷ್ಟಪಟ್ಟೆವು ಎಂದರೂ ಕೇಸು ಕೇಸೇ. ಹುಡುಗಿ ಗರ್ಭಿಣಿಯಾಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಬೇಕು. ಹುಡುಗಿಯೂ ಅವಳ ಪೋಷಕರೂ ಕೇಳಿಕೊಂಡರೆ ಅವಳ ಹೆಸರನ್ನು ಆ ವರದಿಯಲ್ಲಿ ಬರೆಯಬೇಕಾಗಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಈ ಭಯಕ್ಕೆ ಆಸ್ಪತ್ರೆಗೆ ಹೋಗದೆ ನಾಟಿ ಔಷಧಿ ಹುಡುಕುವುದು ಇನ್ನೂ ಕೆಟ್ಟದ್ದು. ಮದುವೆ ಮಾಡಿ ಮುಚ್ಚಿಹಾಕುತ್ತೇವೆ ಎನ್ನುವ ಮನೆಗಳಿವೆ, ಅದೂ ನಡೆಯದು. ನಮ್ಮ ರಾಜ್ಯದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು.

ಎರಡನೆಯದು, ತಾಳ್ಮೆ. ಕಾಯುವುದರಲ್ಲಿ ಸೋಲಿಲ್ಲ, ಸ್ನೇಹಿತರು ನಕ್ಕರೆ ನಗಲಿ ಎಂದು ಹೇಳಿ. ಹುಡುಗಿಯೊಬ್ಬಳು ಬೇಡ ಎಂದರೆ ಅಲ್ಲಿಗೆ ಮುಗಿಯಿತು ಎಂಬುದನ್ನು ಗಂಡುಮಕ್ಕಳಿಗೆ ಹೇಳಿಕೊಡಬೇಕಾದವರು ನಾವೇ.

ಮೂರನೆಯದು, ಮುಂದೆ ದೊಡ್ಡವನಾದ ಮೇಲೆ ಗೊತ್ತಿರಲೇಬೇಕಾದ ವಿದ್ಯೆ. ನಿರೋಧ್ ಎಲ್ಲರಿಗೂ ಗೊತ್ತು, ಬಳಸುವ ಕ್ರಮ ಬಹಳ ಜನಕ್ಕೆ ಗೊತ್ತಿಲ್ಲ. ಮೇಲಿನ ಲೆಕ್ಕದಲ್ಲಿ 2 ಇದ್ದದ್ದು 13 ಆದದ್ದು ಹೀಗೆಯೇ. ಪೊಟ್ಟಣದ ಮೇಲಿನ ತಾರೀಖು ನೋಡಬೇಕು. ಜೇಬು, ಪರ್ಸು, ಬೈಕಿನ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಬೆಂದದ್ದು ಹರಿಯುತ್ತದೆ. ಹಲ್ಲಿನಿಂದ ಕಚ್ಚಿ ಬಿಚ್ಚಬಾರದು. ಮೊದಲಿಂದ ಕೊನೆಯವರೆಗೆ ಹಾಕಿರಬೇಕು, ನಡುವೆ ಹಾಕಿಕೊಂಡರೆ ಸಾಲದು. ಒಂದರ ಮೇಲೊಂದು ಹಾಕಬಾರದು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ತಾಗಿದರೆ ರಬ್ಬರು ಮೆತ್ತಗಾಗಿ ಒಡೆಯುತ್ತದೆ. ಒಂದನ್ನು ಒಂದೇ ಸಲ.

ನಾಲ್ಕು: ಕೋಲಾರದ ಅತ್ತೆ

"ಸೊಸೆಗೆ ಹತ್ತೊಂಬತ್ತು, ನಾಲ್ಕು ತಿಂಗಳ ಬಾಣಂತಿ. ಹೆರಿಗೆ ಆದಾಗಲೇ ಕಾಪರ್-ಟಿ ಹಾಕಿದಾರೆ. ಈಗ ಬಿಳಿಸೆರಗು, ಉರಿ, ಕೆಳಹೊಟ್ಟೆ ನೋವು ಅಂತಾಳೆ. ಮಗ ಟೊಮೆಟೊ ಲಾರಿ ಓಡಿಸ್ತಾನೆ, ಹತ್ತು ಹದಿನೈದು ದಿನ ದೂರದ ರಾಜ್ಯಕ್ಕೆ ಹೋಗ್ತಾನೆ. ಮಗನ ಮೇಲೆ ಅನುಮಾನ ಪಡೋಕೆ ಮನಸ್ಸು ಬರಲ್ಲ. ವಂಕಿ ಇದ್ದ ಮೇಲೆ ರೋಗ ಬರೋಲ್ಲ ಅಲ್ವಾ?"

ಅಮ್ಮಾ, ಸೊಸೆಯ ನೋವನ್ನು ಹೀಗೆ ಎದೆಗೆ ಹಚ್ಚಿಕೊಂಡ ನಿಮ್ಮಂಥ ಅತ್ತೆ ಸಿಕ್ಕಿದ್ದು ಅವಳ ಪುಣ್ಯ. ಪ್ರಶ್ನೆಗೆ ಉತ್ತರ: ಬರಬಹುದು. ಕಾಪರ್-ಟಿ, ಮಾತ್ರೆ, ಚುಚ್ಚುಮದ್ದು, ಆಪರೇಷನ್ನು ಕೂಡ, ಬಸಿರನ್ನಷ್ಟೇ ತಡೆಯುತ್ತವೆ. ಒಂದಕ್ಕೂ ರೋಗ ತಡೆಯುವ ಶಕ್ತಿ ಇಲ್ಲ. ಈ ಸಾಧನಗಳಲ್ಲಿ ಎರಡೂ ಕೆಲಸ ಮಾಡುವುದು ನಿರೋಧ್ ಒಂದೇ. ಅದೂ ಎಲ್ಲ ರೋಗಕ್ಕೂ ಒಂದೇ ಅಳತೆಯಲ್ಲಲ್ಲ. ಎಚ್.ಐ.ವಿ., ಗೊನೋರಿಯಾದಂಥ ದ್ರವದಿಂದ ಹರಡುವ ರೋಗಗಳಿಗೆ ಪ್ರತಿ ಸಲ ಸರಿಯಾಗಿ ಬಳಸಿದರೆ ಒಳ್ಳೆಯ ತಡೆ. ಸಿಫಿಲಿಸ್, ಸರ್ಪಸುತ್ತಿನ ಬಳಗದ ಹುಣ್ಣು, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್.ಪಿ.ವಿ. ವೈರಸ್ಸು, ಇವು ಚರ್ಮಕ್ಕೆ ಚರ್ಮ ತಾಗಿಯೂ ಹರಡುವುದರಿಂದ ಅಷ್ಟು ಪೂರ್ತಿ ತಡೆ ಸಿಗದು.

ಆದರೆ ಬಿಳಿಸೆರಗು ಎಂದ ಕೂಡಲೇ ಗಂಡಿನಿಂದ ಬಂದ ರೋಗ ಎಂದು ತೀರ್ಮಾನಿಸಬೇಡಿ. ಬೂಷ್ಟಿನಂಥ ಸೋಂಕು ಯಾರಿಗೂ ಬರಬಹುದು. ಲಾರಿ ಓಡಿಸುವವರೆಲ್ಲ ದಾರಿ ತಪ್ಪಿದವರೂ ಅಲ್ಲ. ಪರೀಕ್ಷೆ ಆಗದೆ ಯಾರ ಮೇಲೂ ತಪ್ಪು ಹೊರಿಸುವುದು ಬೇಡ. ಆದರೆ ಕೆಳಹೊಟ್ಟೆ ನೋವಿದೆ, ಒಳಗೆ ವಂಕಿಯಿದೆ, ಆದ್ದರಿಂದ ತಡ ಮಾಡದೆ ನಾಳೆಯೇ ಕರೆದುಕೊಂಡು ಹೋಗಿ. ಜ್ವರ ಬಂದಿದ್ದರೆ ಈವತ್ತೇ. ಸೋಂಕು ಕೊಳವೆಗಳಿಗೆ ಏರಿದರೆ ಮುಂದೆ ಮಗುವಾಗುವುದಕ್ಕೇ ಅಡ್ಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ರೋಗಗಳಿಗೆಂದೇ 'ಸುರಕ್ಷಾ ಕ್ಲಿನಿಕ್' ಇರುತ್ತದೆ, ಔಷಧಿ ಉಚಿತ. ಕೋಲಾರದಲ್ಲಿ ನಿಮಗೆ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯೇ ಇದೆ.

ಲೈಂಗಿಕ ರೋಗ ಎಂದು ತಿಳಿದರೆ ಮಗನಿಗೂ ಚಿಕಿತ್ಸೆ ಆಗಲೇಬೇಕು. ಒಬ್ಬರಿಗೆ ಮಾತ್ರ ಔಷಧಿ ಕೊಟ್ಟರೆ ತೂತು ಬಿಂದಿಗೆಗೆ ನೀರು ತುಂಬಿದಂತೆ. ಇಬ್ಬರೂ ಗುಣವಾಗುವವರೆಗೆ ದೂರವಿರಬೇಕು. ಎಚ್.ಐ.ವಿ., ಸಿಫಿಲಿಸ್ ಪರೀಕ್ಷೆ ಇಬ್ಬರೂ ಮಾಡಿಸಲಿ. ಸೋಂಕು ತಗಲಿದ ಹೊಸತರಲ್ಲಿ ಎಚ್.ಐ.ವಿ. ಪರೀಕ್ಷೆಗೆ ಸಿಗದೆ ಇರಬಹುದು, ಆದ್ದರಿಂದ ಮೂರು ತಿಂಗಳ ಮೇಲೆ ಮತ್ತೊಮ್ಮೆ. 2017ರ ಕಾನೂನಿನಂತೆ ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಹೊರಗೆ ಹೇಳುವಂತಿಲ್ಲ. ಸೋಂಕು ಇದ್ದರೂ ಈಗ ಔಷಧಿಯಿದೆ, ಉಚಿತವಾಗಿದೆ. ದಿನವೂ ತಪ್ಪದೆ ನುಂಗಿದವರು ಎಲ್ಲರಂತೆ ಬಾಳುತ್ತಿದ್ದಾರೆ. ಎದೆಹಾಲು ಕುಡಿಯುವ ಮಗು ಇರುವುದರಿಂದ ಈ ಪರೀಕ್ಷೆ ನಿಮ್ಮ ಮನೆಯಲ್ಲಿ ಮೂರು ಜೀವಗಳಿಗೆ ಸಂಬಂಧಿಸಿದ್ದು. ಮಗನಿಗೆ ಹೀಗೆಯೇ ಹೇಳಿ: "ನಿನ್ನ ಮೇಲೆ ಅನುಮಾನ ಅಲ್ಲಪ್ಪ, ಮಗೂಗೋಸ್ಕರ."

ಕತ್ತರಿಸಿ ಇಟ್ಟುಕೊಳ್ಳಿ

ಬಸಿರು ತಡೆಯಲು ಹೆಚ್ಚು ನಂಬಬಹುದಾದದ್ದು ಮರೆಯಲು ಅವಕಾಶವೇ ಇಲ್ಲದ ಸಾಧನ. ರೋಗ ತಡೆಯಲು ನಿರೋಧ್. ಎರಡೂ ಬೇಕಾದವರಿಗೆ ಎರಡೂ.

ಬಾಣಂತಿಗೆ ಎದೆಹಾಲೇ ರಕ್ಷಣೆ ಎಂಬುದು ಮೂರು ಷರತ್ತಿನ ಮೇಲೆ ಮಾತ್ರ ನಿಜ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಒಂದು ಷರತ್ತು ತಪ್ಪಿದರೂ ಬೇರೆ ವಿಧಾನ ಬೇಕು.

ಒಂಬತ್ತರಿಂದ ಹದಿನಾಲ್ಕು ವಯಸ್ಸಿನ ಹೆಣ್ಣುಮಕ್ಕಳಿದ್ದರೆ ಎಚ್.ಪಿ.ವಿ. ಲಸಿಕೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಮ್ಮ ದೇಶದ್ದೇ ಆದ 'ಸರ್ವಾವ್ಯಾಕ್'ಗೆ 2022ರಲ್ಲಿ ಅನುಮತಿ ಸಿಕ್ಕಿತು. ಲಸಿಕೆ ಮದುವೆಗೆ ಎಷ್ಟೋ ಮೊದಲೇ ಆಗಬೇಕು, ಆಗಲೇ ಅದರ ಫಲ ಹೆಚ್ಚು.

ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಮಕ್ಕಳ ಜೊತೆ ಗುಟ್ಟಾಗಿ ಮಾತಾಡಲೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. ಎಚ್.ಐ.ವಿ. ವಿಷಯ ಕೇಳಲು ಫೋನು 1097. ಹದಿನೆಂಟರೊಳಗಿನ ಮಗು ಕಷ್ಟದಲ್ಲಿದ್ದರೆ, ಬಲವಂತದ ಮದುವೆ ನಡೆಯುತ್ತಿದ್ದರೆ 1098.

ನಮ್ಮ ಅಮ್ಮಂದಿರು ನಮಗೆ ಹೇಳಲಿಲ್ಲ, ಅವರಿಗೂ ಯಾರೂ ಹೇಳಿರಲಿಲ್ಲ. ಈಗ ಮಕ್ಕಳು ಕೈಯಲ್ಲಿರುವ ಫೋನಿನಿಂದ ಅರ್ಧ ಸತ್ಯ, ಅರ್ಧ ಸುಳ್ಳು ಕಲಿಯುತ್ತಿದ್ದಾರೆ. ನಮ್ಮ ಬಾಯಿಂದ ಪೂರ್ತಿ ಸತ್ಯ ಕೇಳಲಿ.

ಮುಂದಿನ ಸಂಚಿಕೆಯಲ್ಲಿ: ಹರೆಯದ ಹುಡುಗಿಯರ ರಕ್ತಹೀನತೆ, ಅದಕ್ಕೆ ನಮ್ಮ ರಾಗಿ, ಸೊಪ್ಪು, ಹುರುಳಿ. ಪತ್ರ ಬರೆಯುವಾಗ ವಯಸ್ಸು ಮತ್ತು ಊರು ತಪ್ಪದೆ ಬರೆಯಿರಿ. ಹೆಸರು ಬೇಡವೆಂದರೆ ಬೇಡ.